ಮೂಳೆ ನೋಡಿ ಬೇಟೆ ಹೇಗೆ ಆಡಿದರು ಅಂತ ಹೇಳಬಹುದಾ?

ಪ್ರಶ್ನೆ (ಸಕಲೇಶಪುರದ ಕಾಫಿ ಬೆಳೆಗಾರರು):
ನಮಸ್ಕಾರ ಮೇಡಂ. ತೋಟದ ಬಂಡೆ ಸಂದಿಯಲ್ಲಿ ಹಳೇ ಮೂಳೆಗಳು ಸಿಕ್ಕಿವೆ. ಒಂದರ ಅಂಚಿನಲ್ಲಿ ಸಾಲು ಗೀರುಗಳಿವೆ, ಫೋಟೋ ಹಾಕಿದ್ದೇನೆ. ಆದಿಮಾನವರು ಕಲ್ಲಿನ ಚೂರಿಯಲ್ಲಿ ಕೊಯ್ದಿದ್ದು ಅಂತ ಮಗ ಹಟ ಹಿಡಿದಿದ್ದಾನೆ. ನಮ್ಮ ತಾತನ ಕಾಲದಲ್ಲಿ ಹಂದಿಯನ್ನು ಸೋವಿ, ಕಾದು ಕೂತವರ ಕಡೆ ಅಟ್ಟುತ್ತಿದ್ದರಂತೆ. ಅಂಥದ್ದೆಲ್ಲ ಮೂಳೆಯಲ್ಲಿ ಗೊತ್ತಾಗುತ್ತಾ?

ಉತ್ತರ (ಪುರಾತತ್ವ ಅಧ್ಯಾಪಕಿ, ಹಾಸನ):
ಮಗನಿಗೆ ಬೇಜಾರಾಗಬಹುದು, ಇದು ಮುಳ್ಳುಹಂದಿ ಕೆಲಸ. ಗೀರುಗಳು ಅಗಲ, ತಳ ಚಪ್ಪಟೆ, ಜೋಡಿ ಜೋಡಿಯಾಗಿವೆ. ಮುಳ್ಳುಹಂದಿ ಮೂಳೆಗಳನ್ನು ಎಳೆದು ತಂದು ಗುದ್ದಿನಲ್ಲಿ ಕೂತು ಕಡಿಯುತ್ತದೆ. ಕಲ್ಲಿನ ಚೂರಿಯ ಗೀರು ಸಪೂರ. ಲೆನ್ಸ್ ಹಿಡಿದರೆ ಗೀರಿನೊಳಗೇ ಕೂದಲೆಳೆಯಂಥ ಗೆರೆಗಳು ಕಾಣುತ್ತವೆ.

ಚೂರಿ ಗುರುತು ಇದ್ದ ಮಾತ್ರಕ್ಕೆ ಬೇಟೆ ಆಡಿದರು ಅನ್ನೋಕಾಗಲ್ಲ. ಹುಲಿ ಕೊಂದು ಬಿಟ್ಟಿದ್ದನ್ನೂ ಕೊಯ್ದಿರಬಹುದು ಅಲ್ವಾ? ಹುಲಿ ಹಲ್ಲಿನ ಗುರುತಿನ ಮೇಲೆ ಚೂರಿ ಗೀರು ಹಾದಿದ್ದರೆ ಮೊದಲು ತಿಂದಿದ್ದು ಹುಲಿ.

ಬೇಟೆಯ ವಿಧಾನಕ್ಕೆ ನಾನು ಮೊದಲು ನೋಡುವುದು ದವಡೆ ಹಲ್ಲು. ಸವೆತದಿಂದ ವಯಸ್ಸು ತಿಳಿಯುತ್ತದೆ. ಅಟ್ಟಿಸಿಕೊಂಡು ಹೋಗುವ ಮೃಗಗಳಿಗೆ ಮರಿ, ಮುದಿಗಳೇ ಜಾಸ್ತಿ ಸಿಗುತ್ತವೆ. ಗಟ್ಟಿಮುಟ್ಟಾದ ಪ್ರಾಯದವೇ ಜಾಸ್ತಿ ಇದ್ದರೆ ಯಾರೋ ಹೊಂಚು ಹಾಕಿ, ಆರಿಸಿ ಹೊಡೆದಿರುವ ಸಾಧ್ಯತೆ ಹೆಚ್ಚು. ಮರಿ, ತಾಯಿ, ಮುದಿ ಎಲ್ಲ ಹಿಂಡಿನಲ್ಲಿ ಇರುವ ಲೆಕ್ಕದಲ್ಲೇ ಬಿದ್ದಿದ್ದರೆ ಇಡೀ ಹಿಂಡು ಒಟ್ಟಿಗೆ ಸತ್ತಿದೆ. ಪ್ರವಾಹಕ್ಕೂ ಹಾಗೆ ಸಾಯುತ್ತವೆ, ಆಗ ಚೂರಿ ಗುರುತು ಹುಡುಕಬೇಕು.

ಸೋವಿದ್ದಕ್ಕೆ ಒಳ್ಳೇ ಉದಾಹರಣೆ ಅಮೆರಿಕದ ಕೊಲೊರಾಡೊದ ಓಲ್ಸೆನ್-ಚಬ್ಬಕ್. ಸುಮಾರು 10,000 ವರ್ಷದ ಹಿಂದೆ ಅಲ್ಲಿ ಬೈಸನ್ ಅನ್ನೋ ಕಾಡೆಮ್ಮೆಗಳ ಹಿಂಡನ್ನು ಇಕ್ಕಟ್ಟಾದ ಒಣ ಕೊರಕಲಿಗೆ ಅಟ್ಟಿದ್ದರು. ಹೆಚ್ಚುಕಮ್ಮಿ 190 ಪ್ರಾಣಿಗಳು. ಮೇಲೆ ಬಿದ್ದವನ್ನು ಕೊಯ್ದು ಮಾಂಸ ತೆಗೆದಿದ್ದಾರೆ. ತಳದಲ್ಲಿ ಸಿಕ್ಕಿಕೊಂಡವು ಬೆನ್ನು ಮುರಿದು, ಒಂದರ ಮೇಲೊಂದು ಬಿದ್ದು, ಹಾಗೇ ಇಡಿಯಾಗಿ ಉಳಿದಿವೆ. ಕೈಗೆ ಎಟುಕಲಿಲ್ಲ, ಬಿಟ್ಟರು.

ಪ್ರಶ್ನೆ (ಚಿಕ್ಕಮಗಳೂರು):
ಈಟಿ ಎಸೆದರೋ, ಹತ್ತಿರ ಹೋಗಿ ಚುಚ್ಚಿದರೋ ಅದೂ ತಿಳಿಯುತ್ತಾ ಅಕ್ಕ?

ಉತ್ತರ:
ಅಪರೂಪಕ್ಕೆ ತಿಳಿಯುತ್ತದೆ. ಜರ್ಮನಿಯ ನಾಯ್‌ಮಾರ್ಕ್-ನಾರ್ಡ್‌ನಲ್ಲಿ ಸುಮಾರು 1,20,000 ವರ್ಷ ಹಳೆಯ ಜಿಂಕೆ ಮೂಳೆಗಳು ಸಿಕ್ಕಿವೆ. ಒಂದರ ಸೊಂಟದ ಮೂಳೆಯಲ್ಲಿ ದುಂಡನೆ ತೂತು. ಮರದ ಈಟಿಯಿಂದ ಪ್ರಯೋಗ ಮಾಡಿ ನೋಡಿದರು. ಕಡಿಮೆ ವೇಗದಲ್ಲಿ, ಕೆಳಗಿನಿಂದ ಮೇಲಕ್ಕೆ ಚುಚ್ಚಿದಾಗ ಅಂಥದ್ದೇ ತೂತು ಬಂತು. ಅಂದರೆ ನಿಯಾಂಡರ್ತಲ್ (ಈಗ ಅಳಿದುಹೋಗಿರುವ ಒಂದು ಮಾನವ ಬಗೆ) ಬೇಟೆಗಾರ ಜಿಂಕೆಯ ಪಕ್ಕಕ್ಕೇ ಹೋಗಿದ್ದ. ಸುಮ್ನೆ ಮಾತಲ್ಲ! 2018ರಲ್ಲಿ ಇದು ಪ್ರಕಟವಾಯಿತು.

ಪ್ರಶ್ನೆ (ಸಕಲೇಶಪುರ):
ಹಾಗಾದರೆ ನಮ್ಮ ಮಲೆನಾಡಿನಲ್ಲಿ ಅಂಥ ಮೂಳೆ ಸಿಗೋದೇ ಇಲ್ವಾ?

ಉತ್ತರ:
ತುಂಬ ಕಷ್ಟ. ನಿಮ್ಮ ಮಣ್ಣು ಹುಳಿ, ಅದಕ್ಕೇ ತಾನೆ ತೋಟಕ್ಕೆ ಸುಣ್ಣ ಹಾಕ್ತೀರಿ? ಮಳೆಯೂ ಸೇರಿದರೆ ಮೂಳೆ ಕರಗಿಹೋಗುತ್ತದೆ, ಕಲ್ಲಿನ ಆಯುಧ ಮಾತ್ರ ಉಳಿಯುತ್ತದೆ. ಕರ್ನೂಲು ಸೀಮೆಯ ಬಿಲ್ಲಸರ್ಗಂ ಗವಿಗಳು ಸುಣ್ಣಕಲ್ಲಿನವು, ಅಂಥ ಕಡೆ ಮೂಳೆ ಉಳಿಯುತ್ತದೆ. 1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅಗೆಸಿದಾಗ ಅಲ್ಲಿ ಮೂಳೆ ರಾಶಿಯೇ ಸಿಕ್ಕಿತು.

ಫೋಟೋದ ಮೂಲೆಯಲ್ಲಿ ಕಡವೆ ಕೊಂಬಿನ ಚೂರು ಕಾಣುತ್ತಿದೆ. ಅದನ್ನು ಮನೆಗೆ ತರಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಬಿದ್ದ ಕೊಂಬಾದರೂ ಇಟ್ಟುಕೊಂಡರೆ ಕೇಸಾಗುತ್ತದೆ.