'ಸ್ಟೂಡೆಂಟ್ ಎಂಗೇಜ್‌ಮೆಂಟ್'ಗೆ ಏನು ಹಾಕಲಿ? ಇವತ್ತೇ ಬೇಕು

ಎಲ್ಲರಿಗೂ ನಮಸ್ಕಾರ. ಕಾಲೇಜು ಮೇಷ್ಟ್ರುಗಳಿಗಾಗಿ ವಿಡಿಯೊ ಪಾಠದ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಸಂಜೆ ಅಚ್ಚಿಗೆ ಹೋಗಬೇಕು. 'ಸ್ಟೂಡೆಂಟ್ ಎಂಗೇಜ್‌ಮೆಂಟ್', ಅಂದರೆ ಹುಡುಗರು ಪಾಠದಲ್ಲಿ ಮನಸ್ಸಿಟ್ಟು ಕಲಿಯುವುದು, ಪುಟಪುಟಕ್ಕೂ ಬರುತ್ತದೆ. ಹಾಗೇ ಬಿಟ್ಟರೆ ಓದುವವರಿಗೆ ಮದುವೆ ಉಂಗುರ ನೆನಪಾಗುತ್ತದೆ. 'ಭಾಗವಹಿಸುವಿಕೆ' ಅಂದರೆ ಒಂದು ಕಡೆ ಕೈಕೊಡುತ್ತದೆ. ವಿಡಿಯೊ ನಡುವೆ ನಿಂತು ಪ್ರಶ್ನೆ ಕೇಳುತ್ತದೆ. ಹುಡುಗ ಪ್ರಶ್ನೆ ಓದದೆಯೇ ಯಾವುದೋ ಉತ್ತರ ಒತ್ತಿ ಮುಂದೆ ಹೋಗುತ್ತಾನೆ. ಭಾಗವಹಿಸಿದ, ನಿಜ. ಮನಸ್ಸು ಅಲ್ಲಿರಲಿಲ್ಲ ಅಲ್ವಾ? 'ತನ್ಮಯತೆ' ಸರಿಯೇ?

*

> 'ತನ್ಮಯತೆ' ಸರಿಯೇ?

ಸರಿಯಲ್ಲ. ಅದು ಸಂಗೀತ ಕೇಳುವವರಿಗೆ. ಪಾಠ ಕೇಳುವವರು ಮೈಮರೆಯಬಾರದು. ಅನುಮಾನ ಬಂದ ಕಡೆ ವಿಡಿಯೊ ನಿಲ್ಲಿಸಬೇಕು, ಹಿಂದಕ್ಕೆ ಹೋಗಿ ಮತ್ತೆ ಕೇಳಬೇಕು, ಬರೆದುಕೊಳ್ಳಬೇಕು.

ಫ್ರೆಡ್ರಿಕ್ಸ್, ಬ್ಲೂಮೆನ್‌ಫೆಲ್ಡ್, ಪ್ಯಾರಿಸ್ ಎಂಬ ಮೂವರು ಸಂಶೋಧಕರು ಸೇರಿ 2004ರಲ್ಲಿ 'ಎಂಗೇಜ್‌ಮೆಂಟ್' ಅನ್ನು ಮೂರಾಗಿ ಬಿಡಿಸಿದ್ದಾರೆ: ನಡವಳಿಕೆ, ಭಾವನೆ, ಯೋಚನೆ. 'ಭಾಗವಹಿಸುವಿಕೆ' ಮೊದಲನೆಯದನ್ನು ಮಾತ್ರ ಮುಟ್ಟುತ್ತದೆ. ಮೂರನ್ನೂ ಹೊರುವ ಮಾತು 'ತೊಡಗು'. ಕೆಲಸಕ್ಕೆ ಕೈಹಚ್ಚುವುದೂ ತೊಡಗುವುದೇ, ಅದರಲ್ಲೇ ಮುಳುಗಿರುವುದೂ ತೊಡಗುವುದೇ. 'ತೊಡಗುವಿಕೆ' ಹಾಕಿ. 'ತೊಡಗಿಸಿಕೊಳ್ಳುವಿಕೆ' ಬೇಡ, ಉಸಿರು ಸಾಲದು. ತೊಡಗುವವರು ವಿದ್ಯಾರ್ಥಿಗಳು, ತೊಡಗಿಸುವವರು ಮೇಷ್ಟ್ರು. '-ಇಸು' ಎಲ್ಲಿ ಬೇಕು, ಎಲ್ಲಿ ಬೇಡ ಅಂತ ಪ್ರತಿ ವಾಕ್ಯದಲ್ಲೂ ನೋಡಿ.

ಎಡ್‌ಎಕ್ಸ್ ಎಂಬ ಆನ್‌ಲೈನ್ ಪಾಠಗಳ ತಾಣದ ವಿಡಿಯೊಗಳ ಮೇಲೆ 2014ರಲ್ಲಿ ಬಂದ ಅಧ್ಯಯನ ನಿಮ್ಮ ಕೈಪಿಡಿಯಲ್ಲಿ ಇದ್ದೀತು. 6 ನಿಮಿಷದೊಳಗಿನ ವಿಡಿಯೊಗಳೇ ಜಾಸ್ತಿ ಹಿಡಿದಿಡುತ್ತವೆ ಅಂದದ್ದು ಅದೇ. ಆದರೆ ಅಲ್ಲಿ ಅಳೆದದ್ದು ಎರಡೇ: ಎಷ್ಟು ಹೊತ್ತು ನೋಡಿದರು, ಆಮೇಲಿನ ಪ್ರಶ್ನೆಗೆ ಕೈಹಾಕಿದರೋ ಇಲ್ಲವೋ. ಅಂಥ ಕಡೆ 'ನೋಡಿದ ಹೊತ್ತು' ಅಂತಲೇ ಬರೆಯಿರಿ. ವಿಡಿಯೊ ಓಡುತ್ತಿದ್ದ ಮಾತ್ರಕ್ಕೆ ಹುಡುಗ ತೊಡಗಿದ್ದ ಅಂತ ಹೇಳಲಾಗದು.

*

'ತೊಡಗುವಿಕೆ' ಒಪ್ಪಿದೆ. ಆದರೆ 'ಓಡುತಿಟ್ಟ' ಇರುವಾಗ 'ವಿಡಿಯೊ' ಯಾಕೆ? 'ವಿದ್ಯಾರ್ಥಿ'ಯೂ ಬೇಡ, 'ಕಲಿಯುವವರು' ಸಾಕು. ಎರವಲನ್ನು ಮನೆಯೊಳಗೆ ಬಿಟ್ಟುಕೊಂಡು ಒಂದೇ ಒಂದು ಪದವನ್ನು ಕನ್ನಡ ಮಾಡಿದರೆ ಏನು ಬಂತು?

*

'ವಿಡಿಯೊ' ಎರವಲೇ ಅಲ್ಲ. ಸಂಸ್ಕೃತದ 'ವಿದ್' ಧಾತುವಿನಿಂದ ಹೋದದ್ದು. 'ವಿದ್ಯೆ'ಯೂ ಅದೇ. ಎರಡನ್ನೂ ಇಟ್ಟುಕೊಳ್ಳಿ.

*

ಹೋದದ್ದಲ್ಲ. ಲ್ಯಾಟಿನ್ನಿನಲ್ಲಿ 'ನೋಡು' ಎಂಬರ್ಥದ ಮಾತು, ಸಂಸ್ಕೃತದ 'ವಿದ್', ಎರಡೂ ಇನ್ನೂ ಹಳೆಯದೊಂದು ಬೇರಿನವು. ಅಕ್ಕತಂಗಿಯರು, ತಾಯಿಮಗಳಲ್ಲ. ಇವರ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲ.

'ಓಡುತಿಟ್ಟ' ಅಂದರೆ ಮೇಷ್ಟ್ರು ಓದುವುದನ್ನು ನಿಲ್ಲಿಸಿ ಹಾಗಂದರೇನು ಅಂತ ಕೇಳುತ್ತಾರೆ. ಕೈಪಿಡಿಗೆ ಅದು ಆಗದು. 'ವಿಡಿಯೊಗಳಲ್ಲಿ' ಅಂತ ನಮ್ಮ ಪ್ರತ್ಯಯ ಹತ್ತಿದ ಮೇಲೆ ಅದು ನಮ್ಮ ಪದವೇ.

*

'ಎಂಗೇಜ್‌ಮೆಂಟಿನಲ್ಲಿ' ಅಂತಲೂ ಪ್ರತ್ಯಯ ಹತ್ತುತ್ತದೆ. ಅದನ್ನು ಯಾಕೆ ಬಿಟ್ಟಿರಿ?

*

ಅದಕ್ಕೆ ನಮ್ಮಲ್ಲಿ ಆಗಲೇ ಬೇರೆ ಅರ್ಥ ಕೂತಿದೆ. ವಿಡಿಯೊಗೆ ಆ ತೊಂದರೆ ಇಲ್ಲ. ಎರವಲು ಅಂತ ಯಾವುದನ್ನೂ ತಳ್ಳಬೇಡಿ, ಎರವಲು ಅಂತ ಯಾವುದನ್ನೂ ತರಬೇಡಿ. ಅರ್ಥ ನೋಡಿ.

*

ಎಲ್ಲರಿಗೂ ಥ್ಯಾಂಕ್ಸ್. ಮುಖಪುಟಕ್ಕೆ 'ವಿಡಿಯೊ ಪಾಠದಲ್ಲಿ ವಿದ್ಯಾರ್ಥಿಗಳನ್ನು ತೊಡಗಿಸುವುದು ಹೇಗೆ' ಅಂತ ಕಳಿಸಿದೆ. ಒಳಗೆಲ್ಲ 'ತೊಡಗುವಿಕೆ'. ಅಂಕಿ ಬರುವ ಪಟ್ಟಿಯಲ್ಲಿ ಮಾತ್ರ 'ನೋಡಿದ ಹೊತ್ತು'.