ಸ್ಪೈಡರ್-ಮ್ಯಾನ್ ವಿಕಿಪೀಡಿಯ ಲೇಖನ: ಯಂತ್ರಾನುವಾದದ ಕರಡನ್ನು ಎಲ್ಲಿಂದ ತಿದ್ದುವುದು?

ಬಲೆಗಾರ:
ಕನ್ನಡ ವಿಕಿಪೀಡಿಯಕ್ಕೆಂದು ಸ್ಪೈಡರ್-ಮ್ಯಾನ್ ಲೇಖನದ ಹೊಸ ಕರಡು ಪ್ರಯೋಗಪುಟದಲ್ಲಿದೆ. ಇಂಗ್ಲಿಷ್ ಲೇಖನದ ಯಂತ್ರಾನುವಾದವನ್ನು ಮುಂದಿಟ್ಟುಕೊಂಡು ತಿದ್ದುತ್ತಿದ್ದೇನೆ. ಲೇಖನದ ಮುಕ್ಕಾಲು ಪಾಲು ಸ್ಪೈಡರ್-ಮ್ಯಾನ್ ಆಗುವ ಹುಡುಗ ಪೀಟರ್ ಪಾರ್ಕರ್‌ನ ಜೀವನಚರಿತ್ರೆಯೇ ಆಗಿಬಿಟ್ಟಿದೆ: ಜೇಡ ಕಚ್ಚಿದ್ದು, ಪ್ರೀತಿಸಿದ್ದು, ಮದುವೆಯಾದದ್ದು. ಭಾಷೆಯಂತೂ "ಸಮಸ್ಯೆ 15ರಲ್ಲಿ ಕಾಣಿಸಿಕೊಂಡ ಹಾಸ್ಯ ಅಕ್ಷರ" ಎನ್ನುವ ಮಟ್ಟದಲ್ಲಿದೆ. ಜೊತೆಗೆ, ಪಾತ್ರ ಮೊದಲು ಬಂದದ್ದು 1962ರ ಜೂನ್ ಎಂದು ಒಂದು ಕಡೆ, ಆಗಸ್ಟ್ ಎಂದು ಇನ್ನೊಂದು ಕಡೆ ಇದೆ. ಯಾವುದನ್ನು ಇಟ್ಟುಕೊಳ್ಳಲಿ? ಮಾಹಿತಿಚೌಕಟ್ಟು (ಪುಟದ ಬದಿಯಲ್ಲಿ ಮುಖ್ಯ ವಿವರಗಳಿರುವ ಪಟ್ಟಿ), ಚಿತ್ರ ಇನ್ನೂ ಹಾಕಿಲ್ಲ.

ಹಳೇ ಸಂಚಿಕೆ:
ತಿಂಗಳ ವಿಷಯ ಮೊದಲು. ಎರಡೂ ಸರಿ. 'ಅಮೇಝಿಂಗ್ ಫ್ಯಾಂಟಸಿ' 15ನೇ ಸಂಚಿಕೆಯ ಮುಖಪುಟದ ಮೇಲೆ ಇರುವುದು ಆಗಸ್ಟ್, ಅಂಗಡಿಗೆ ಬಂದದ್ದು ಜೂನ್. ಆಗಿನ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ಎರಡು ಮೂರು ತಿಂಗಳು ಮುಂದಿನ ತಾರೀಖನ್ನೇ ಮುದ್ರಿಸುತ್ತಿದ್ದರು, ಅಂಗಡಿಯವನು ಪ್ರತಿಯನ್ನು ಬೇಗ ಹಳತೆಂದು ಎತ್ತಿಡದಿರಲಿ ಎಂದು. ಆದ್ದರಿಂದ ಬರೀ "ಆಗಸ್ಟ್‌ನಲ್ಲಿ ಪ್ರಕಟವಾಯಿತು" ಅಂತ ಬರೆದರೆ ತಪ್ಪು. "ಮುಖಪುಟದ ತಾರೀಖು ಆಗಸ್ಟ್ 1962" ಎಂದು ಬರೆಯಿರಿ, ಲೇಖನದ ಉದ್ದಕ್ಕೂ ಅದೇ ಪದ್ಧತಿ ಇಟ್ಟುಕೊಳ್ಳಿ. ಒಂದು ಸಂಚಿಕೆಗೆ ಮುಖಪುಟದ ತಿಂಗಳು, ಇನ್ನೊಂದಕ್ಕೆ ಮಾರಾಟದ ತಿಂಗಳು ಕೊಟ್ಟರೆ ಮುಂದೆ ಘಟನೆಗಳ ಅನುಕ್ರಮವೇ ಅಡಿಮೇಲಾಗುತ್ತದೆ.

ಇನ್ನು ಜೀವನಚರಿತ್ರೆಯ ರೋಗ. ಸೂಪರ್‌ಹೀರೋ ಲೇಖನಗಳಲ್ಲಿ ಅತಿ ಸಾಮಾನ್ಯವಾದ ತಪ್ಪು ಇದೇ. ಪೀಟರ್ ಪಾರ್ಕರ್ ಬದುಕಿದ್ದ ಮನುಷ್ಯನಲ್ಲ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದ ಪಾತ್ರ. ಹಾಗಾಗಿ ಲೇಖನದ ಬೆನ್ನೆಲುಬು ಪ್ರಕಟಣೆಯ ಇತಿಹಾಸವಾಗಬೇಕು, ಕಥೆ ಅದಕ್ಕೆ ಜೋತುಬೀಳಬೇಕು. ಒಂದು ಸುಲಭದ ಪರೀಕ್ಷೆ: ಕಥೆಯ ಯಾವ ಪ್ಯಾರಾದಲ್ಲಿ ಲೇಖಕರ ಹೆಸರು, ಸಂಚಿಕೆ, ವರ್ಷ ಮೂರೂ ಇಲ್ಲವೋ ಅದನ್ನು ಒಂದೇ ವಾಕ್ಯಕ್ಕೆ ಇಳಿಸಿ, ಇಲ್ಲವೇ ಕಿತ್ತುಹಾಕಿ. ಕಥೆ ಹೇಳುವಾಗ ವರ್ತಮಾನ ಕಾಲ ("ಪೀಟರ್‌ನನ್ನು ಜೇಡ ಕಚ್ಚುತ್ತದೆ"), ಪ್ರಕಟಣೆಯ ಬಗ್ಗೆ ಹೇಳುವಾಗ ಭೂತಕಾಲ ("ಡಿಟ್ಕೊ ಚಿತ್ರಿಸಿದರು"). ಇಷ್ಟು ಮಾಡಿದರೆ ಎರಡು ಲೋಕ ತಾವಾಗಿಯೇ ಬೇರೆಯಾಗುತ್ತವೆ.

ಮೊದಲ ಭಾಗಕ್ಕೆ ಸಾಮಗ್ರಿ ಬೇಕಾದಷ್ಟಿದೆ. ಲೇಖಕ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಸ್ಟೀವ್ ಡಿಟ್ಕೊ ಅವರ ಆ ಮೊದಲ ಕಥೆ 11 ಪುಟದ್ದು, ಸಂಚಿಕೆಯ ಬೆಲೆ 12 ಸೆಂಟ್. ಮುಖಪುಟದ ಪೆನ್ಸಿಲ್ ಕೆಲಸ ಜಾಕ್ ಕರ್ಬಿಯದು, ಶಾಯಿ ಡಿಟ್ಕೊ ಅವರದು. ಆ ಪತ್ರಿಕೆ ಅಲ್ಲಿಗೇ ನಿಂತಿತು. ಸ್ವಂತ ಪತ್ರಿಕೆ 'ದಿ ಅಮೇಝಿಂಗ್ ಸ್ಪೈಡರ್-ಮ್ಯಾನ್' ಶುರುವಾದದ್ದು ಮಾರ್ಚ್ 1963ರ ತಾರೀಖಿನೊಂದಿಗೆ. ಡಿಟ್ಕೊ 38ನೇ ಸಂಚಿಕೆಯ (ಜುಲೈ 1966) ನಂತರ ಬಿಟ್ಟರು, 39ರಿಂದ ಚಿತ್ರಕಾರರಾಗಿ ಜಾನ್ ರೊಮಿಟಾ ಬಂದರು. ಈ ಬದಲಾವಣೆಗೆ ಒಂದು ಪ್ಯಾರಾ ಪೂರ್ತಿ ಕೊಡಿ. ಡಿಟ್ಕೊ ಬರೆದ ಪೀಟರ್ ಸಣಕಲ, ಕನ್ನಡಕದ ಹುಡುಗ. ರೊಮಿಟಾ ಕೈಗೆ ಬಂದ ಮೇಲೆ ಅವನಿಗೆ ಸಿನಿಮಾ ನಾಯಕನ ಕಳೆ ಬಂತು. ಇದನ್ನು ಬಿಟ್ಟು ಖಳನಾಯಕರ ಪಟ್ಟಿ ಬೆಳೆಸುವವರೇ ಜಾಸ್ತಿ.

1971ರ 96ರಿಂದ 98ನೇ ಸಂಚಿಕೆಗಳನ್ನೂ ಮರೆಯಬೇಡಿ. ಮಾದಕವಸ್ತು ಚಟದ ವಿರುದ್ಧದ ಕಥೆಯಾದರೂ ಮಾದಕವಸ್ತುವನ್ನು ತೋರಿಸಿದ್ದಕ್ಕೆ ಕಾಮಿಕ್ಸ್ ಕೋಡ್ (ಅಮೆರಿಕದ ಕಾಮಿಕ್ಸ್ ಉದ್ಯಮದ ಸ್ವಯಂ ನಿಯಂತ್ರಣ ವ್ಯವಸ್ಥೆ) ಒಪ್ಪಿಗೆ ಕೊಡಲಿಲ್ಲ, ಪ್ರಕಾಶಕ ಸಂಸ್ಥೆ ಮಾರ್ವೆಲ್ ಅದರ ಮುದ್ರೆಯಿಲ್ಲದೆಯೇ ಮಾರಿತು, ಅದೇ ವರ್ಷ ಆ ನಿಯಮವನ್ನು ಸಡಿಲಿಸಲಾಯಿತು. ಪಾತ್ರ ಕಥೆಯ ಹೊರಗೂ ಯಾಕೆ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಅರ್ಕಾವತ್ತು:
ಭಾಷೆಯ ಬಗ್ಗೆ. ಪೂರ್ತಿ ಹೊಸದಾಗಿ ಬರೆಯುವ ಮೊದಲು ಕರಡಿನಲ್ಲಿ ಈ ಪದಗಳನ್ನು ಹುಡುಕಿ: ಸಮಸ್ಯೆ (ಸಂಚಿಕೆ ಆಗಬೇಕು), ಅಕ್ಷರ (ಪಾತ್ರ), ಹಾಸ್ಯ ಪುಸ್ತಕ (ಕಾಮಿಕ್ ಪುಸ್ತಕ ಅಥವಾ ಚಿತ್ರಕಥಾ ಪುಸ್ತಕ), ಅಂತರ್ಜಾಲ (ಜೇಡನ ಬಲೆ!), ಕೀಟ. ಜೇಡಕ್ಕೆ ಎಂಟು ಕಾಲು, ಅದು ಕೀಟವಲ್ಲ. 'ಡೈಲಿ ಬ್ಯೂಗಲ್' "ದೈನಂದಿನ ಕಹಳೆ" ಆಗಿದ್ದರೆ ವಾಪಸ್ ತನ್ನಿ, ಪತ್ರಿಕೆಯ ಹೆಸರನ್ನು ಯಾರೂ ಅನುವಾದಿಸುವುದಿಲ್ಲ. ಆದರೆ ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಗುಂಡಿ ಒತ್ತಬೇಡಿ. "ಅಕ್ಷರ"ವನ್ನು ಹಾಗೆ ಬದಲಿಸಿದರೆ "ದಪ್ಪ ಅಕ್ಷರದ ತಲೆಬರಹ" "ದಪ್ಪ ಪಾತ್ರದ ತಲೆಬರಹ" ಆಗುತ್ತದೆ. ಒಂದೊಂದೇ ನೋಡಿ ಬದಲಿಸಿ.

ಸಂಬಂಧವಾಚಕ ಇನ್ನೂ ದೊಡ್ಡ ತೊಡಕು. ಇಂಗ್ಲಿಷಿನ 'ಅಂಕಲ್', 'ಆಂಟ್' ಕನ್ನಡಕ್ಕೆ ಬಂದ ತಕ್ಷಣ ತಂದೆಯ ಕಡೆಯೋ ತಾಯಿಯ ಕಡೆಯೋ, ಹಿರಿಯರೋ ಕಿರಿಯರೋ ಎಂದು ತೀರ್ಮಾನಿಸಲೇಬೇಕು. ಬೆನ್ ಪಾರ್ಕರ್ ಪೀಟರ್‌ನ ತಂದೆ ರಿಚರ್ಡ್‌ನ ಅಣ್ಣ. ಹಾಗಾಗಿ ಬೆನ್ ದೊಡ್ಡಪ್ಪ, ಮೇ ದೊಡ್ಡಮ್ಮ. ಯಂತ್ರ "ಮಾವ", "ಅತ್ತೆ" ಎಂದು ಕೊಟ್ಟಿದ್ದರೆ ಓದುಗರು ಮೇ ಪಾರ್ಕರ್‌ಳನ್ನು ಪೀಟರ್ ಮದುವೆಯಾದ ಮೇರಿ ಜೇನ್‌ಳ ತಾಯಿ ಅಂದುಕೊಂಡಾರು. ಮೊದಲ ಉಲ್ಲೇಖದಲ್ಲಿ "ದೊಡ್ಡಮ್ಮ ಮೇ ಪಾರ್ಕರ್" ಎಂದು ಹೇಳಿ, ಆಮೇಲೆ ಬರೀ ಮೇ ಎಂದರೆ ಸಾಕು.

ಕೊನೆಗೆ ಹೆಸರು. ಮೂಲದಲ್ಲಿ ನಡುವೆ ಅಡ್ಡಗೆರೆ ಇದೆ, ತಲೆಬರಹದಲ್ಲೂ ಇರಲಿ: ಸ್ಪೈಡರ್-ಮ್ಯಾನ್. ಅಡ್ಡಗೆರೆಯಿಲ್ಲದೆ ಸೇರಿಸಿ ಟೈಪ್ ಮಾಡಿದರೆ ರಕಾರ ಅರ್ಕಾವತ್ತಾಗಿ "ಸ್ಪೈಡರ್ಮ್ಯಾನ್" ಆಗುತ್ತದೆ. ನಡುವೆ ಕಣ್ಣಿಗೆ ಕಾಣದ ಬೇರ್ಪಡಿಕೆ ಅಕ್ಷರ ಹಾಕಿದರೆ "ಸ್ಪೈಡರ್‌ಮ್ಯಾನ್". ನಮ್ಮ ಕಣ್ಣಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಮೂರು ಬೇರೆ ತಲೆಬರಹ. ಜಾಗ ಬಿಟ್ಟ "ಸ್ಪೈಡರ್ ಮ್ಯಾನ್" ಸೇರಿದರೆ ನಾಲ್ಕು. ಮುಖ್ಯ ಪುಟವಲ್ಲದ ಮೂರಕ್ಕೂ ಪುನರ್ನಿರ್ದೇಶನ (ಮುಖ್ಯ ಪುಟಕ್ಕೆ ತಾನಾಗಿ ಕರೆದೊಯ್ಯುವ ಪುಟ) ಮಾಡಿಡಿ. ಇಲ್ಲದಿದ್ದರೆ ಲೇಖನ ಸಿಗದವರು ಯಾರಾದರೂ ಎರಡನೆಯದನ್ನು ಶುರು ಮಾಡುತ್ತಾರೆ.

ಬಲೆಗಾರ:
ಹುಡುಕಿದೆ, "ಅಂತರ್ಜಾಲ" ಏಳು ಕಡೆ ಇದೆ 🙂 ಇನ್ನೆರಡು ಸಂಶಯ. "ದೊಡ್ಡ ಶಕ್ತಿಯೊಂದಿಗೆ ದೊಡ್ಡ ಜವಾಬ್ದಾರಿಯೂ ಬರುತ್ತದೆ" ಎಂಬ ಮಾತನ್ನು ಬೆನ್ ದೊಡ್ಡಪ್ಪನ ಮಾತೆಂದು ಪೀಠಿಕೆಯಲ್ಲಿ ಹಾಕಿದ್ದೇನೆ, ಸರಿಯೇ? ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತ ಸೇತುವೆ ಯಾವುದು? ಎರಡು ಹೆಸರು ಕಾಣುತ್ತಿವೆ.

ಹಳೇ ಸಂಚಿಕೆ:
ಮೊದಲನೆಯದು ತಪ್ಪು. 1962ರ ಕಥೆಯಲ್ಲಿ ಬೆನ್ ಆ ಮಾತು ಆಡುವುದೇ ಇಲ್ಲ. ಅದು ಕೊನೆಯ ಚೌಕದಲ್ಲಿ, ಪೀಟರ್ ಕತ್ತಲಲ್ಲಿ ನಡೆದು ಹೋಗುವಾಗ, ನಿರೂಪಣೆಯ ಪೆಟ್ಟಿಗೆಯಲ್ಲಿದೆ. ಬೆನ್ ಬಾಯಿಗೆ ಬಂದದ್ದು ನಂತರದ ಕಥೆಗಳಲ್ಲಿ ಮತ್ತು ಸಿನಿಮಾದಲ್ಲಿ. "ಮೊದಲ ಕಥೆಯ ನಿರೂಪಣೆಯಲ್ಲಿ ಬಂದು, ಮುಂದೆ ಬೆನ್ ಪಾರ್ಕರ್‌ನ ಮಾತೆಂದು ಪ್ರಸಿದ್ಧವಾಯಿತು" ಎಂದು ಬರೆಯಿರಿ.

ಗ್ವೆನ್ ಸಾಯುವುದು 121ನೇ ಸಂಚಿಕೆಯಲ್ಲಿ (ಜೂನ್ 1973), ಬರವಣಿಗೆ ಜೆರ್ರಿ ಕಾನ್ವೇ, ಚಿತ್ರ ಗಿಲ್ ಕೇನ್. ಮಾತಿನಲ್ಲಿ ಇರುವುದು ಜಾರ್ಜ್ ವಾಷಿಂಗ್ಟನ್ ಸೇತುವೆ, ಚಿತ್ರದಲ್ಲಿ ಕಾಣುವುದು ಬ್ರೂಕ್ಲಿನ್ ಸೇತುವೆ. ನೀವು ತೀರ್ಪು ಕೊಡುವ ಅಗತ್ಯವಿಲ್ಲ, ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಿ. ಸಾವಿನ ಕಾರಣಕ್ಕೂ ಇದೇ ಎಚ್ಚರ ಬೇಕು. ಸೇತುವೆಯಿಂದ ಬೀಳುತ್ತಿರುವ ಅವಳ ಕಾಲನ್ನು ಸ್ಪೈಡರ್-ಮ್ಯಾನ್ ಎಸೆದ ಬಲೆ ಹಿಡಿದ ಚೌಕದಲ್ಲಿ ಕುತ್ತಿಗೆಯ ಪಕ್ಕ ಪುಟ್ಟದಾಗಿ 'ಲಟಕ್' ಎನ್ನುವಂಥ ಸದ್ದಿನ ಪದವಿದೆ. ಖಳನಾಯಕ ಗ್ರೀನ್ ಗಾಬ್ಲಿನ್ ಮಾತ್ರ ಬೀಳುವಾಗಲೇ ಸತ್ತಳೆಂದು ಹೇಳುತ್ತಾನೆ. ಹಠಾತ್ತನೆ ನಿಂತ ರಭಸಕ್ಕೆ ಕುತ್ತಿಗೆ ಮುರಿಯಿತೆಂದು ಸಂಪಾದಕರು ಹೇಳಿದ್ದು 125ನೇ ಸಂಚಿಕೆಯ ಓದುಗರ ಪತ್ರಗಳ ಪುಟದಲ್ಲಿ. ಯಾರು, ಎಲ್ಲಿ ಹೇಳಿದರು ಎಂಬುದರ ಸಮೇತ ಬರೆಯಿರಿ.

ಟೆಂಪ್ಲೇಟು ರಿಪೇರಿ:
ಮಾಹಿತಿಚೌಕಟ್ಟನ್ನು ಇಂಗ್ಲಿಷಿನಿಂದ ಹಾಗೇ ತಂದು ಅಂಟಿಸಬೇಡಿ. ಒಳಗೆ ಇನ್ನೊಂದು ಟೆಂಪ್ಲೇಟು (ಬೇರೆ ಬೇರೆ ಪುಟಗಳಲ್ಲಿ ಬಳಸುವ ಸಿದ್ಧ ಅಚ್ಚು) ಕರೆಯುವ ಸಾಲುಗಳಿರುತ್ತವೆ, ಅದು ಕನ್ನಡದಲ್ಲಿ ಇಲ್ಲದಿದ್ದರೆ ಕೆಂಪು ಕೊಂಡಿ ಬೀಳುತ್ತದೆ. ಎಡಬದಿಯ ನಿಯತಾಂಕದ ಹೆಸರನ್ನು ಇಂಗ್ಲಿಷಿನಲ್ಲೇ ಬಿಡಿ, ಸಮಚಿಹ್ನೆಯ ಬಲಬದಿಯನ್ನು ಮಾತ್ರ ಕನ್ನಡಿಸಿ. ಎಡಬದಿ ಕನ್ನಡಿಸಿದರೆ ಆ ಸಾಲು ಸದ್ದಿಲ್ಲದೆ ಮಾಯ.

ಉಲ್ಲೇಖಗಳಲ್ಲಿ ಹೆಚ್ಚು ಕೈಕೊಡುವುದು ಹೆಸರಿಟ್ಟ ಉಲ್ಲೇಖ, ಅಂದರೆ ಒಂದು ಕಡೆ ಪೂರ್ತಿ ವಿವರ ಬರೆದು ಉಳಿದ ಕಡೆ ಹೆಸರಿನಿಂದಷ್ಟೇ ಕರೆಯುವ ಉಲ್ಲೇಖ. ಪೂರ್ತಿ ವಿವರ ನೀವು ಕತ್ತರಿಸಿದ ಜೀವನಚರಿತ್ರೆಯಲ್ಲಿ ಹೋಗಿರುತ್ತದೆ, ಉಳಿದ ಕಡೆ ಬರೀ ಹೆಸರು ಉಳಿದು ಪುಟದಡಿಯಲ್ಲಿ ಕೆಂಪು ದೋಷ ಬರುತ್ತದೆ. ಪ್ಯಾರಾ ಅಳಿಸುವ ಮುನ್ನ ಅದರೊಳಗಿನ ಹೆಸರು ಬೇರೆಲ್ಲಾದರೂ ಬಳಕೆಯಾಗಿದೆಯೇ ನೋಡಿ. ಕಥೆಯ ಸಾರಾಂಶಕ್ಕೆ ಸಂಚಿಕೆಯನ್ನೇ ಉಲ್ಲೇಖಿಸಬಹುದು. "ಜನಪ್ರಿಯ", "ಪ್ರಭಾವಶಾಲಿ" ಎಂದು ಬರೆದಲ್ಲೆಲ್ಲ ಹೊರಗಿನ ಮೂಲ ಬೇಕು. ಅಭಿಮಾನಿಗಳ ವಿಕಿ ಎರಡಕ್ಕೂ ಆಗುವುದಿಲ್ಲ.

ಚಿತ್ರ: ಮುಖಪುಟವನ್ನು ವಿಕಿಮೀಡಿಯ ಕಾಮನ್ಸ್‌ಗೆ (ಮುಕ್ತ ಪರವಾನಗಿಯ ಚಿತ್ರಗಳ ಭಂಡಾರ) ಹಾಕಿದರೆ ಅಳಿಸುತ್ತಾರೆ, ಪಾತ್ರಕ್ಕೆ ಇನ್ನೂ ಕೃತಿಸ್ವಾಮ್ಯವಿದೆ. ಅಲ್ಲಿ ಮುಕ್ತ ಪರವಾನಗಿಯಲ್ಲಿ ಸ್ಟ್ಯಾನ್ ಲೀ ಅವರ ಫೋಟೋಗಳಿವೆ, ಪ್ರಕಟಣೆಯ ಭಾಗಕ್ಕೆ ಅವು ಸಾಕು.

ಒಂದು ಮಾತು, ಅನುವಾದವನ್ನು ಉಳಿಸುವಾಗ ಸಂಪಾದನೆಯ ಸಾರಾಂಶದಲ್ಲಿ ಮೂಲ ಇಂಗ್ಲಿಷ್ ಲೇಖನದ ಕೊಂಡಿ ಹಾಕಲೇಬೇಕು, ಪರವಾನಗಿಯ ಷರತ್ತೇ ಅದು.

ಅರ್ಕಾವತ್ತು:
ಇತರ ಮಾಧ್ಯಮಗಳ ಭಾಗದಲ್ಲಿ ಎರಡು ಸೇರಿಸಿ. 2004ರಲ್ಲಿ ಭಾರತದಲ್ಲಿ ಬಂದ ನಾಲ್ಕು ಸಂಚಿಕೆಯ 'ಸ್ಪೈಡರ್-ಮ್ಯಾನ್: ಇಂಡಿಯಾ', ಅದರ ನಾಯಕ ಮುಂಬೈಯ ಪವಿತ್ರ್ ಪ್ರಭಾಕರ್. ಅವನೇ 2023ರ ಆನಿಮೇಶನ್ ಚಿತ್ರ 'ಅಕ್ರಾಸ್ ದಿ ಸ್ಪೈಡರ್-ವರ್ಸ್'ನಲ್ಲೂ ಇದ್ದಾನೆ, ಆ ಚಿತ್ರ ಕನ್ನಡಕ್ಕೂ ಡಬ್ ಆಗಿತ್ತು. ಪವಿತ್ರ್ ಬೇರೆ ಪಾತ್ರ, ಪೀಟರ್‌ನ ಇನ್ನೊಂದು ಹೆಸರಲ್ಲ. ಮೈಲ್ಸ್ ಮೊರಾಲೆಸ್ (2011) ಕೂಡ ಹಾಗೇ. ಮಾಹಿತಿಚೌಕಟ್ಟಿನ ಉಪನಾಮದ ಸಾಲಿಗೆ ಇಬ್ಬರನ್ನೂ ತುರುಕಬೇಡಿ.

ಬಲೆಗಾರ:
ಪೀಠಿಕೆ ಈಗ ಹೀಗಿದೆ: "ಸ್ಪೈಡರ್-ಮ್ಯಾನ್ ಮಾರ್ವೆಲ್ ಕಾಮಿಕ್ಸ್‌ನ ಸೂಪರ್‌ಹೀರೋ ಪಾತ್ರ. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ರೂಪಿಸಿದ ಈ ಪಾತ್ರ 'ಅಮೇಝಿಂಗ್ ಫ್ಯಾಂಟಸಿ'ಯ 15ನೇ ಸಂಚಿಕೆಯಲ್ಲಿ (ಮುಖಪುಟದ ತಾರೀಖು ಆಗಸ್ಟ್ 1962) ಮೊದಲು ಕಾಣಿಸಿಕೊಂಡಿತು. ಮಣಿಕಟ್ಟಿನಿಂದ ಬಲೆ ಚಿಮ್ಮಿಸುವ ಶಕ್ತಿ ಇವನದು."

ಹಳೇ ಸಂಚಿಕೆ:
ಮೊದಲೆರಡು ವಾಕ್ಯ ಹಾಗೇ ಇರಲಿ. ಮೂರನೆಯದು 2002ರ ಸಿನಿಮಾದ್ದು. ಮೂಲ ಕಾಮಿಕ್ಸ್‌ನಲ್ಲಿ ಬಲೆ ಅವನ ಶಕ್ತಿಯಲ್ಲ, ಪೀಟರ್ ತಾನೇ ತಯಾರಿಸಿ ಮಣಿಕಟ್ಟಿಗೆ ಕಟ್ಟಿಕೊಂಡ ಯಂತ್ರದ್ದು. ದ್ರಾವಣ ಮುಗಿದರೆ ಬಲೆಯೂ ಇಲ್ಲ. ಅದನ್ನು 'ಸಲಕರಣೆ' ಉಪವಿಭಾಗಕ್ಕೆ ಕಳಿಸಿ, ಇಲ್ಲಿ ಗೋಡೆ ಹತ್ತುವುದನ್ನೂ ಅಪಾಯದ ಮುನ್ಸೂಚನೆಯನ್ನೂ ಹಾಕಿ.