ಈ ವಾರದ ಸಮಸ್ಯೆ: ‘ಬೈದವಗೆ ಹಾರವನು ಹಾಕಿದರು ನಕ್ಕು’

ಬಳ್ಳಾರಿ ಬಿಸಿಲು: ಬನ್ನಿ ಎಲ್ಲರೂ. ಮೊದಲ ಮೂರು ಸಾಲು ನೀವು ಕಟ್ಟಿ, ಮೇಲಿನದು ನಾಲ್ಕನೇ ಸಾಲಾಗಬೇಕು. ಪ್ರತಿ ಸಾಲಿಗೂ ಮಾತ್ರೆ 5-5-5-3 (ಲಘುವಿಗೆ ಒಂದು ಮಾತ್ರೆ; ಗುರುವಿಗೆ, ಅಂದರೆ ದೀರ್ಘಾಕ್ಷರಕ್ಕೆ ಅಥವಾ ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ಎರಡು). ಪ್ರತಿ ಸಾಲಿನ ಎರಡನೇ ಅಕ್ಷರ ‘ದ’ಕಾರ, ಅದರ ಹಿಂದೆ ಗುರುವೇ ಇರಲಿ. ವಿಷಯ ವಿಡಂಬನೆ. ಬೈದವನಿಗೆ ಹಾರ ಯಾಕೆ ಬಿತ್ತು, ಅದನ್ನು ಬಿಡಿಸಿ.

ಸಿಂಧನೂರು ಹುಡುಗ: ಮೊದಲ ಸಾಲು ತಗೊಳ್ಳಿ ಸರ್. ‘ಕಾದು ಕೂತವ ಕಳ್ಳ, ಕೇಳಿದವ ಗಡವ.’

ಬಳ್ಳಾರಿ ಬಿಸಿಲು: ಮಾತ್ರೆ ಸರಿಯಿದೆ ತಮ್ಮಾ. ಆದರೆ ಇದು ಸುಮ್ನೆ ಬೈಗುಳ. ಇದಕ್ಕೆ ಹಾರ ಬೀಳಲ್ಲ, ಬೇರೇನೋ ಬೀಳುತ್ತೆ.

ಕೋಟೆ ಬೀದಿ: ನನ್ನದು.

ಬೀದಿಯಲಿ ಧೂಳೆದ್ದು ಕಣ್ಣುರಿಯುತಿರಲು
‘ಹಾದಿಯಿದು ಹೊನ್ನಿನದು’ ಎಂದ ಕವಿ ಹೊಗಳಿ
ಗಾದಿಯಲಿ ಕುಂತವರು ತಲೆದೂಗಿ ಹಿಗ್ಗಿ
ಬೈದವಗೆ ಹಾರವನು ಹಾಕಿದರು ನಕ್ಕು

ಮಾನ್ವಿ ಮಾಸ್ತರ: ಭೇಷ್! ಹೊಗಳಿದ ಹಾಗೆ ಮಾಡಿ ತೆಗಳುವುದು. ಅಲಂಕಾರಶಾಸ್ತ್ರದವರು ವ್ಯಾಜಸ್ತುತಿ ಅನ್ನುತ್ತಾರೆ. ‘ಹೊನ್ನಿನದು’ ಅಂದದ್ದೇ ಜಾಣತನ. ಅದಿರಿನ ಲಾರಿ ಓಡಾಡಿದ ಜಿಲ್ಲೆಯಲ್ಲಿ ಧೂಳು ಯಾರಿಗೆ ಹೊನ್ನಾಯಿತು ಅಂತ ಬಿಡಿಸಿ ಹೇಳಬೇಕಾ? ಸಂಸ್ಕೃತದಲ್ಲಿ ‘ವಿಡಂಬನ’ ಅಂದರೆ ಅನುಕರಣೆ, ಅಣಕಿಸುವುದು ಅಂತಲೂ ಇದೆ. 17ನೇ ಶತಮಾನದ ನೀಲಕಂಠ ದೀಕ್ಷಿತರ ‘ಕಲಿವಿಡಂಬನ’ದಲ್ಲಿ ಜೋಯಿಸರು, ವೈದ್ಯರು ಯಾರೂ ತಪ್ಪಿಸಿಕೊಂಡಿಲ್ಲ. ಕವಿಗಳೂ ಅಷ್ಟೇ!

ಸಿಂಧನೂರು ಹುಡುಗ: ಹಾಗಾದರೆ ಅಣಕವಾಡು, ವಿಡಂಬನೆ ಒಂದೇನಾ ಸರ್?

ಮಾನ್ವಿ ಮಾಸ್ತರ: ಪೂರ್ತಿ ಒಂದಲ್ಲ. ಅಣಕವಾಡಿಗೆ ಮೂಲ ಹಾಡೊಂದು ಬೇಕು, ಅದರ ಧಾಟಿಯಲ್ಲೇ ಕಾಲೆಳೆಯಬೇಕು. ವಿಡಂಬನೆಗೆ ಊರೇ ಸಾಕು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಹಾಸ್ಯ ಸಾಹಿತಿ ಬೀಚಿಯವರು ಪೊಲೀಸ್ ಇಲಾಖೆಯಲ್ಲಿದ್ದವರು. ಸರಕು ಹುಡುಕಿಕೊಂಡು ಹೋಗಬೇಕಿರಲಿಲ್ಲ, ಅಲ್ವಾ?

ಕೊಪ್ಪಳದ ಅಕ್ಕ: ಬೀಗರ ಹಾಡು ಮರೆತೇ ಬಿಟ್ಟಿರಾ? ಮದುವೆಯಲ್ಲಿ ಎದುರಿಗೇ ಕೂರಿಸಿಕೊಂಡು ಜಾಡಿಸುತ್ತೇವೆ. ಆದರೆ ಹಾಡುವವರು ಹೆಣ್ಣುಮಕ್ಕಳು, ನಿಮ್ಮ ಸಾಲು ಗಂಡಸಿಗೆ ಕಟ್ಟಿದ್ದು. ‘ಬೈದವಳಿಗೆ’ ಅಂದರೆ ಒಂದು ಮಾತ್ರೆ ಜಾಸ್ತಿ. ಅದಕ್ಕೇ ಸಾಲನ್ನೇ ತಿದ್ದಿದ್ದೇನೆ:

‘ಓದಿಲ್ಲ ಬರೆದಿಲ್ಲ ಬೀಗನಿಗೆ ಜಂಬ
ಹೋದಲ್ಲಿ ಬಂದಲ್ಲಿ ಹೋಳಿಗೆಯ ಜಪವೆ’
ಸೋದರತ್ತೆಯು ಹಾಡೆ ಬೀಗರೇ ಎದ್ದು
ಬೈದಾಕೆಗೂ ಹಾರ ಹಾಕಿದರು ನಕ್ಕು

ಬಳ್ಳಾರಿ ಬಿಸಿಲು: ಸಮಸ್ಯೆಯ ಸಾಲು ಮುಟ್ಟಬಾರದು ಅಕ್ಕಾ, ಅದು ನಿಯಮ. ‘ಬೈದಾಕೆ’ 5, ‘ಗೂ ಹಾರ’ 5... ಲೆಕ್ಕ ಕೂತಿದೆ. ತಕರಾರು ಎತ್ತಿದರೆ ಮುಂದಿನ ಪದ್ಯ ನನ್ನ ಮೇಲೇ ಬರುತ್ತೆ. ಒಪ್ಪಿದೆ.

ಕೋಟೆ ಬೀದಿ: ಆ ಬೀಗರು ಯಾರಕ್ಕಾ?

ಕೊಪ್ಪಳದ ಅಕ್ಕ: ಅವರೂ ಈ ಗುಂಪಿನಲ್ಲೇ ಇದ್ದಾರೆ.

ಸಿಂಧನೂರು ಹುಡುಗ: ಸರ್, ನನ್ನ ಸಾಲು ಅಳಿಸಿದೆ. ‘ವೇದಿಕೆಯ’ ಅಂತ ಶುರು ಮಾಡಲಾ?

ಬಳ್ಳಾರಿ ಬಿಸಿಲು: ಮಾಡು. ಸೋಮವಾರದವರೆಗೂ ಟೈಮಿದೆ.